ಮೈಎಸ್‌ಕ್ಯೂಎಲ್ 5.5ರಿಂದ 8.0ಕ್ಕೆ: ಎರರ್ ಎಲ್ಲ ನಿಂತವು, ಈಗ ಚೀಲದ ಲೆಕ್ಕ ಕೂಡುತ್ತಿಲ್ಲ

ಗಂಜ್_ಗಣಕ (ಕಲಬುರಗಿ), ಸೋಮವಾರ ಬೆಳಿಗ್ಗೆ 11:20

ಎಲ್ಲರಿಗೂ ಶರಣು. (ಶೀರ್ಷಿಕೆಯನ್ನು ಗುರುವಾರ ಬದಲಿಸಿದ್ದೇನೆ. ಮೊದಲು ‘ಡಂಪ್ ಇಳಿಯುತ್ತಿಲ್ಲ, ಸಹಾಯ ಮಾಡಿ’ ಎಂದಷ್ಟೇ ಇತ್ತು.)

ನೆಹರೂ ಗಂಜ್ ಕಡೆಯ ಒಂದು ದಾಲ್ ಮಿಲ್‌ನಲ್ಲಿ ತೊಗರಿ ಖರೀದಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಓದಿದ್ದು ಬಿ.ಕಾಂ., ಕಂಪ್ಯೂಟರ್ ಕೆಲಸವನ್ನು ತಲೆಗೆ ಕಟ್ಟಿದವರು ಸಾಹುಕಾರರು. ತಂತ್ರಾಂಶವನ್ನು 2011ರಲ್ಲಿ ಯಾರೋ ಬರೆದುಕೊಟ್ಟಿದ್ದಾರೆ. ಅವರು ಊರು ಬಿಟ್ಟು ವರ್ಷಗಳಾದವು, ಫೋನ್ ಎತ್ತುವುದಿಲ್ಲ. ವಿಂಡೋಸ್ 7 ಯಂತ್ರ, ಅದರಲ್ಲಿ ದತ್ತಾಂಶ ಇಡುವ ಸರ್ವರ್ ಮೈಎಸ್‌ಕ್ಯೂಎಲ್ 5.5. ಕಳೆದ ತಿಂಗಳು ಹಾರ್ಡ್ ಡಿಸ್ಕ್ ಕಟಕಟ ಎನ್ನತೊಡಗಿತು. ತೊಗರಿ ಆವಕ ಶುರುವಾಗುವ ಮುಂಚೆ ಹೊಸ ಯಂತ್ರಕ್ಕೆ ಹೋಗಬೇಕು. ಹೊಸದರಲ್ಲಿ ಉಬುಂಟು, ಮೈಎಸ್‌ಕ್ಯೂಎಲ್ 8.0.

ಡಂಪ್ (ಇಡೀ ದತ್ತಾಂಶವನ್ನು ಆದೇಶಗಳ ರೂಪದಲ್ಲಿ ಬರೆದಿಟ್ಟ ಫೈಲ್) ತೆಗೆದು ಹೊಸ ಯಂತ್ರಕ್ಕೆ ಇಳಿಸಲು ಹೋದರೆ ಖರೀದಿ ಟೇಬಲ್ ಹತ್ತಿರವೇ ನಿಲ್ಲುತ್ತದೆ. ಎರರ್ 1067, ದಿನಾಂಕದ ಡಿಫಾಲ್ಟ್ ಮೌಲ್ಯ ಸರಿಯಿಲ್ಲವಂತೆ. ಅಲ್ಲಿ ಇರುವುದು 0000-00-00. ಅದನ್ನು ಅಳಿಸಿದೆ. ಮುಂದಿನದು 1824, ರೈತರ ಟೇಬಲ್ ಸಿಗುತ್ತಿಲ್ಲವಂತೆ. ಸಿಗುವುದಾದರೂ ಹೇಗೆ, ಆ ಟೇಬಲ್ ಫೈಲಿನಲ್ಲಿ ಇನ್ನೂ ಕೆಳಗಿದೆ! ಎರಡು ರಾತ್ರಿ ಹೋದವು. ಯಾರಾದರೂ ದಾರಿ ತೋರಿಸಿ.


ಹಳೇ_ಸರ್ವರ್ (ಕಲಬುರಗಿ), ಸೋಮವಾರ ಮಧ್ಯಾಹ್ನ 1:05

ಒಂದೇ ಪ್ರಶ್ನೆ. ಡಂಪ್ ಫೈಲನ್ನು ತೆರೆದು ಏನಾದರೂ ಕೈಯಾಡಿಸಿದ್ದೀರಾ? ಫೈಲಿನ ಮೊದಲ ಹದಿನೈದು ಸಾಲಿನಲ್ಲಿ ಏನಿದೆ?


ಗಂಜ್_ಗಣಕ, ಸೋಮವಾರ ಮಧ್ಯಾಹ್ನ 1:40

ಕಾಮೆಂಟ್ ಸಾಲುಗಳನ್ನು ಅಳಿಸಿದ್ದೆ ಸರ್. ಓರೆಗೆರೆ, ನಕ್ಷತ್ರ ಹಾಕಿದ ಸಾಲುಗಳು ರಾಶಿ ಇದ್ದವು. ಕಾಮೆಂಟ್ ತಾನೇ, ಇದ್ದರೆಷ್ಟು ಹೋದರೆಷ್ಟು ಎಂದುಕೊಂಡೆ.


ಹಳೇ_ಸರ್ವರ್, ಸೋಮವಾರ ಮಧ್ಯಾಹ್ನ 2:15

ಅಲ್ಲೇ ಕೆಟ್ಟಿದ್ದು, ತಮ್ಮಾ. ಓರೆಗೆರೆ, ನಕ್ಷತ್ರ, ಅದಕ್ಕೆ ಅಂಟಿಕೊಂಡು ಒಂದು ಆಶ್ಚರ್ಯಸೂಚಕ, ಆಮೇಲೆ ಐದು ಅಂಕಿ ಇದ್ದರೆ ಅದು ಕಾಮೆಂಟ್ ಅಲ್ಲ. ಕಾಮೆಂಟಿನ ವೇಷದಲ್ಲಿರುವ ಆದೇಶ. 40101 ಎಂದರೆ ‘ಸರ್ವರ್ 4.1.1 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಇದನ್ನು ನಡೆಸು’ ಎಂದು ಅರ್ಥ. 50003 ಎಂದರೆ 5.0.3. ಬೇರೆ ಬೇರೆ ಆವೃತ್ತಿಗಳಲ್ಲಿ ಒಂದೇ ಫೈಲ್ ಓಡಲಿ ಎಂದೇ ಮಾಡಿಕೊಂಡ ಏರ್ಪಾಡು ಅದು. ನೀವು ಅದನ್ನೇ ಕಿತ್ತುಹಾಕಿದ್ದೀರಿ.

ಫೈಲಿನ ತಲೆಯಲ್ಲಿದ್ದ ಒಂದು ಸಾಲು, ಇಳಿಸುವಷ್ಟು ಹೊತ್ತು ಕಟ್ಟುನಿಟ್ಟಿನ ಎಸ್‌ಕ್ಯೂಎಲ್ ಮೋಡ್ ಅನ್ನು ಬದಿಗಿಡುತ್ತಿತ್ತು. ಅದು ಇದ್ದಿದ್ದರೆ ಸೊನ್ನೆ ದಿನಾಂಕಕ್ಕೆ 1067 ಬರುತ್ತಿರಲಿಲ್ಲ. ಇನ್ನೊಂದು ಸಾಲು ಫಾರಿನ್ ಕೀ ತಪಾಸಣೆಯನ್ನು, ಅಂದರೆ ಒಂದು ಟೇಬಲ್ ಹೆಸರಿಸುವ ಇನ್ನೊಂದು ಟೇಬಲ್ ಇದೆಯೇ ಎಂದು ನೋಡುವುದನ್ನು, ನಿಲ್ಲಿಸುತ್ತಿತ್ತು. ಅದು ಇದ್ದಿದ್ದರೆ ಟೇಬಲ್ ಮೇಲಿದ್ದರೂ ಕೆಳಗಿದ್ದರೂ 1824 ಬರುತ್ತಿರಲಿಲ್ಲ. ಎರಡು ರಾತ್ರಿ ನೀವು ಹೊಡೆದಾಡಿದ್ದು ಒಂದೇ ತಪ್ಪಿನ ಜೊತೆ.

ಇದಕ್ಕಿಂತ ಕೆಟ್ಟದ್ದು ಬೇರೆ ಇದೆ. 5.5ರ ಡಂಪ್‌ನಲ್ಲಿ ಟ್ರಿಗರ್‌ಗಳೂ ಇದೇ ಆವರಣದೊಳಗೆ ಬರುತ್ತವೆ. ನಿಮ್ಮಲ್ಲಿ ಟ್ರಿಗರ್ ಇವೆಯೇ?


ಗಂಜ್_ಗಣಕ, ಸೋಮವಾರ ಮಧ್ಯಾಹ್ನ 2:50

ಒಂದಿದೆ ಸರ್. ತೂಕ ನಮೂದಿಸಿದ ಕೂಡಲೇ ಖಾಲಿ ಚೀಲದ ತೂಕವನ್ನು ಅದು ಕಳೆಯುತ್ತದೆ.


ಹಳೇ_ಸರ್ವರ್, ಸೋಮವಾರ ಮಧ್ಯಾಹ್ನ 3:00

ಹಾಗಾದರೆ ನಿಮ್ಮ ಪುಣ್ಯ ದೊಡ್ಡದು. ಆ ಫೈಲ್ ಇಳಿದುಬಿಟ್ಟಿದ್ದರೆ ಟ್ರಿಗರ್ ಸದ್ದಿಲ್ಲದೆ ಮಾಯವಾಗಿರುತ್ತಿತ್ತು. ಹಂಗಾಮು ಪೂರ್ತಿ ಗೋಣಿಯ ತೂಕಕ್ಕೂ ತೊಗರಿಯ ದರ ಕೊಡುತ್ತಿದ್ದಿರಿ. ಹೊಸದಾಗಿ ಡಂಪ್ ತೆಗೆಯಿರಿ, ಮುಟ್ಟಬೇಡಿ, ಹಾಗೇ ಇಳಿಸಿ.


ಬಿದರಿ_ಕುಸುರಿ (ಬೀದರ್), ಸೋಮವಾರ ಸಂಜೆ 6:30

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇದರ ತಿರುಗುಮುರುಗು ಕಥೆ. ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ನಲ್ಲಿ 8.0 ಇರುತ್ತದೆ. ಪ್ರಯೋಗಾಲಯದಲ್ಲಿ ಎಕ್ಸ್‌ಎಎಂಪಿಪಿ, ವೆಬ್ ಸರ್ವರ್, ದತ್ತಾಂಶ ಸರ್ವರ್ ಒಟ್ಟಿಗೆ ಬರುವ ಕಟ್ಟು. ಮನೆಯಿಂದ ತಂದ ಫೈಲ್ ಇಲ್ಲಿ ಇಳಿಯುವುದಿಲ್ಲ: 1273, ಯುಟಿಎಫ್8ಎಂಬಿ4_0900_ಎಐ_ಸಿಐ ಎಂಬ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮ) ಗೊತ್ತಿಲ್ಲ ಎನ್ನುತ್ತದೆ. ‘ಮೇಡಂ, ಎರಡೂ ಮೈಎಸ್‌ಕ್ಯೂಎಲ್ ಅಲ್ಲವೇ’ ಎಂದು ಮಕ್ಕಳು ಕೇಳುತ್ತಾರೆ. ಅಲ್ಲ. 2015ರ ಕೊನೆಯಿಂದ ಎಕ್ಸ್‌ಎಎಂಪಿಪಿಯೊಳಗೆ ಕೂತಿರುವುದು ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿ. ಗುಂಡಿಯ ಮೇಲೆ ಮಾತ್ರ ಇಂದಿಗೂ ಮೈಎಸ್‌ಕ್ಯೂಎಲ್ ಎಂದೇ ಬರೆದಿದೆ. ‘ಸೆಲೆಕ್ಟ್ ವರ್ಷನ್’ ಎಂದು ಕೇಳಿದರೆ ನಿಜ ಹೇಳುತ್ತದೆ.

ಫೈಲಿನಲ್ಲಿ ಆ ಕೊಲೇಶನ್ ಹೆಸರಿದ್ದ ಕಡೆಯೆಲ್ಲ ಯುಟಿಎಫ್8ಎಂಬಿ4_ಜನರಲ್_ಸಿಐ ಎಂದು ಬದಲಿಸಿದರೆ ಇಳಿಯುತ್ತದೆ. ನಾನು ಪ್ರತಿ ಸೆಮಿಸ್ಟರ್ ಮಾಡುವುದು ಅದನ್ನೇ.

ಗಂಜ್_ಗಣಕ ಅವರೇ, ಹೊಸ ಯಂತ್ರ ಎಂದ ಮೇಲೆ 8.4 ಹಾಕಬಹುದಿತ್ತಲ್ಲ? 8.0ರ ಬೆಂಬಲದ ಗಡುವು 2026ರ ಏಪ್ರಿಲ್.


ಗಂಜ್_ಗಣಕ, ಸೋಮವಾರ ರಾತ್ರಿ 9:10

ಮೇಡಂ, ಯಂತ್ರ ಮಾರಿದವರೇ 8.0 ಹಾಕಿಕೊಟ್ಟರು. ಈ ಗುಡ್ಡ ಹತ್ತಿ ಇಳಿಯುತ್ತೇನೆ, ಮುಂದಿನ ಗುಡ್ಡ ಆಮೇಲೆ.

ಸರ್, ಮುಟ್ಟದ ಫೈಲ್ ಬಹುತೇಕ ಇಳಿಯಿತು. ಟ್ರಿಗರ್ ಬಳಿ ನಿಂತಿದೆ: 1231. ಎಸ್‌ಕ್ಯೂಎಲ್ ಮೋಡ್‌ಗೆ ನೋ_ಆಟೋ_ಕ್ರಿಯೇಟ್_ಯೂಸರ್ ಎಂಬ ಮೌಲ್ಯ ಕೊಡಲಾಗದಂತೆ.


ಹಳೇ_ಸರ್ವರ್, ಸೋಮವಾರ ರಾತ್ರಿ 9:45

ಆ ಮೋಡ್ ಅನ್ನು 8.0ರಲ್ಲಿ ತೆಗೆದುಹಾಕಿದ್ದಾರೆ. ಟ್ರಿಗರ್ ಹುಟ್ಟಿದಾಗ ಯಾವ ಮೋಡ್ ಇತ್ತೋ ಅದನ್ನು ಅದು ಜಾತಕದಂತೆ ಜೊತೆಗೇ ಹೊತ್ತು ತರುತ್ತದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಮೂಲಕ ಹಾಕಿದ 5.5ರಲ್ಲಿ ಈ ಮೌಲ್ಯ ತಾನಾಗಿಯೇ ಇರುತ್ತಿತ್ತು. ಫೈಲಿನ ಒಂದು ನಕಲು ಮಾಡಿಕೊಂಡು, ಆ ಪದವನ್ನೂ ಅದರ ಮುಂದಿನ ಅಲ್ಪವಿರಾಮವನ್ನೂ ಮಾತ್ರ ತೆಗೆಯಿರಿ. ಸಾಲನ್ನೇ ಅಳಿಸಬೇಡಿ. ಈ ಸಲ ಕೈ ಬಿಗಿಯಾಗಿರಲಿ.


ಭೀಮಾತೀರ (ಯಾದಗಿರಿ), ಸೋಮವಾರ ರಾತ್ರಿ 10:30

ಅಣ್ಣಾ, ಇಳಿಸಿದ ಮೇಲೆ ಇನ್ನೊಂದು ಕೆಲಸ ಮಾಡಿ. ಹಳೆಯ ಟೇಬಲ್‌ಗಳೆಲ್ಲ ಯುಟಿಎಫ್8 ಎಂದಿರುತ್ತವೆ. ಅದು ಅಕ್ಷರಕ್ಕೆ 3 ಬೈಟ್ ಮಾತ್ರ ಹಿಡಿಯುವ ಅರ್ಧ ಯುಟಿಎಫ್8. ಎಲ್ಲವನ್ನೂ ಯುಟಿಎಫ್8ಎಂಬಿ4ಕ್ಕೆ ಕನ್ವರ್ಟ್ ಮಾಡಿಬಿಡಿ. ಟೇಬಲ್‌ಗೆ ಒಂದೊಂದೇ ಸಾಲು, ಐದು ನಿಮಿಷದ ಕೆಲಸ.


ಹಳೇ_ಸರ್ವರ್, ಸೋಮವಾರ ರಾತ್ರಿ 10:50

ಕನ್ನಡದ ಅಕ್ಷರಗಳೆಲ್ಲ 3 ಬೈಟ್‌ನವೇ. ನಾಲ್ಕನೆಯದು ಬೇಕಾಗುವುದು ಎಮೋಜಿಗೆ. ತೊಗರಿ ಪಟ್ಟಿಯಲ್ಲಿ ಎಮೋಜಿ ಯಾರು ಹಾಕುತ್ತಾರೆ? ಇಂದಲ್ಲ ನಾಳೆ ಮಾಡಬೇಕಾದ ಕೆಲಸ ನಿಜ, ಆದರೆ ಇದೇ ವಾರ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ.


ಗಂಜ್_ಗಣಕ, ಬುಧವಾರ ಬೆಳಿಗ್ಗೆ 10:15

ಡಂಪ್ ಇಳಿಯಿತು. ಟ್ರಿಗರ್ ಇದೆ. ಎರಡೂ ಯಂತ್ರಗಳಲ್ಲಿ ಸಾಲುಗಳ ಎಣಿಕೆ ಒಂದೇ ಇದೆ. ಸಾಹುಕಾರರು ಮಿರ್ಚಿ ಭಜಿ ತರಿಸಿದರು.

ಈಗ ವರದಿಯ ಸ್ಕ್ರಿಪ್ಟ್‌ಗಳ ಸರದಿ. ಐದರಲ್ಲಿ ಐದೂ ಬಿದ್ದವು. ಖರೀದಿ ಟೇಬಲ್ಲೇ ಇಲ್ಲ ಎನ್ನುತ್ತದೆ (1146), ಕಣ್ಣೆದುರೇ ಇದೆ. ದರ್ಜೆ ತೋರಿಸುವ ಸ್ಕ್ರಿಪ್ಟ್‌ನಲ್ಲಿ 1064, ವ್ಯಾಕರಣ ತಪ್ಪಂತೆ. ರೈತವಾರು ಪಟ್ಟಿಯಲ್ಲಿ 1055.


ಬಿದರಿ_ಕುಸುರಿ, ಬುಧವಾರ ಬೆಳಿಗ್ಗೆ 11:00

1146: ಸ್ಕ್ರಿಪ್ಟ್‌ನಲ್ಲಿ ಟೇಬಲ್ ಹೆಸರಿನ ಮೊದಲ ಅಕ್ಷರ ದೊಡ್ಡದಿರಬೇಕು, ಟೇಬಲ್‌ನಲ್ಲಿ ಚಿಕ್ಕದಿರಬೇಕು. ವಿಂಡೋಸ್ ಆ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಭೇದ ಮಾಡಬೇಡ ಎಂದು ಹೇಳುವ ಸೆಟ್ಟಿಂಗ್ ಒಂದಿದೆ, ಆದರೆ 8.0ರಲ್ಲಿ ಅದನ್ನು ಸರ್ವರ್ ಮೊದಲ ಸಲ ಸಿದ್ಧವಾಗುವಾಗಲೇ ಕೊಡಬೇಕು, ಆಮೇಲೆ ಬದಲಿಸಲಾಗದು. ಸ್ಕ್ರಿಪ್ಟ್‌ನಲ್ಲೇ ತಿದ್ದಿಕೊಳ್ಳಿ.

1064: ದರ್ಜೆಯ ಕಾಲಂಗೆ ‘ರ‍್ಯಾಂಕ್’ ಎಂದು ಇಂಗ್ಲಿಷಿನಲ್ಲಿ ಹೆಸರಿದೆಯೇ?


ಗಂಜ್_ಗಣಕ, ಬುಧವಾರ ಬೆಳಿಗ್ಗೆ 11:20

ಮೇಡಂ, ನಿಮಗೆ ಹೇಗೆ ಗೊತ್ತಾಯಿತು?!


ಬಿದರಿ_ಕುಸುರಿ, ಬುಧವಾರ ಬೆಳಿಗ್ಗೆ 11:35

ವರ್ಷಕ್ಕೆ ಮೂವತ್ತು ಪ್ರಾಜೆಕ್ಟ್ ತಿದ್ದುವವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? 8.0ರಲ್ಲಿ ವಿಂಡೋ ಫಂಕ್ಷನ್‌ಗಳು ಬಂದವು, ಅವುಗಳ ಜೊತೆ ರ‍್ಯಾಂಕ್, ಗ್ರೂಪ್ಸ್, ಲೀಡ್, ಲ್ಯಾಗ್ ಮುಂತಾದ ಪದಗಳೆಲ್ಲ ಮೀಸಲಾದವು. ಡಂಪ್ ಇಳಿಯಿತು, ಏಕೆಂದರೆ ಅದು ಪ್ರತಿ ಹೆಸರನ್ನೂ ಬ್ಯಾಕ್‌ಟಿಕ್ ಎಂಬ ಓರೆ ಉದ್ಧರಣ ಚಿಹ್ನೆಯಲ್ಲಿ ಸುತ್ತುತ್ತದೆ. ಮನುಷ್ಯರು ಕೈಯಿಂದ ಬರೆದ ಸ್ಕ್ರಿಪ್ಟ್‌ನಲ್ಲಿ ಬ್ಯಾಕ್‌ಟಿಕ್ ಇರುವುದಿಲ್ಲ. ಹಾಕಿ.


ಭೀಮಾತೀರ, ಬುಧವಾರ ಮಧ್ಯಾಹ್ನ 12:10

1055ಕ್ಕೆ ಸುಲಭ ಔಷಧ ಇದೆ ಅಣ್ಣಾ. ಎಸ್‌ಕ್ಯೂಎಲ್ ಮೋಡ್‌ನಿಂದ ಓನ್ಲಿ_ಫುಲ್_ಗ್ರೂಪ್_ಬೈ ತೆಗೆದುಬಿಡಿ. 5.7ರಿಂದ ಅದನ್ನು ಡಿಫಾಲ್ಟ್ ಮಾಡಿದ್ದಾರೆ. ತೆಗೆದರೆ ಹಳೆಯ ಹಾಗೇ ಓಡುತ್ತದೆ.


ಹಳೇ_ಸರ್ವರ್, ಬುಧವಾರ ಮಧ್ಯಾಹ್ನ 12:40

ಓಡುತ್ತದೆ, ಒಪ್ಪಿದೆ. ಜ್ವರ ಬಂದಾಗ ಥರ್ಮಾಮೀಟರ್ ಮುರಿದರೂ ಜ್ವರ ಕಾಣಿಸುವುದಿಲ್ಲ. ಗಂಜ್_ಗಣಕ, ಎರರ್ ಯಾವ ಕಾಲಂ ಮೇಲೆ ಬೆರಳಿಡುತ್ತಿದೆ ನೋಡಿ ಹೇಳಿ.


ಗಂಜ್_ಗಣಕ, ಬುಧವಾರ ಮಧ್ಯಾಹ್ನ 1:15

ಮೂರನೆಯದು, ದರ. ರೈತರ ಸಂಖ್ಯೆ, ಹೆಸರು, ದರ, ಒಟ್ಟು ಚೀಲ, ಒಟ್ಟು ಮೊತ್ತ ಎಂದು ಪಟ್ಟಿ ಬರುತ್ತದೆ. ರೈತರ ಸಂಖ್ಯೆಯ ಮೇಲೆ ಗ್ರೂಪ್ ಬೈ ಇದೆ, ಅಂದರೆ ಒಬ್ಬ ರೈತರಿಗೆ ಒಂದೇ ಸಾಲು. ಹೆಸರಿನ ಬಗ್ಗೆ ತಕರಾರಿಲ್ಲ, ದರದ ಬಗ್ಗೆ ಮಾತ್ರ.


ಹಳೇ_ಸರ್ವರ್, ಬುಧವಾರ ಮಧ್ಯಾಹ್ನ 1:50

ಹೆಸರಿಗೆ ತಕರಾರು ಯಾಕಿಲ್ಲ? ಸಂಖ್ಯೆ ಪ್ರೈಮರಿ ಕೀ, ಒಂದು ಸಂಖ್ಯೆಗೆ ಒಂದೇ ಹೆಸರು, ಅಷ್ಟು 8.0ಕ್ಕೆ ಗೊತ್ತಾಗುತ್ತದೆ. ದರ ಹಾಗಲ್ಲ. ಒಬ್ಬ ರೈತರು ಹಂಗಾಮಿನಲ್ಲಿ ನಾಲ್ಕು ಸಲ ತೊಗರಿ ತಂದರೆ ನಾಲ್ಕು ದರ. ಗುಂಪಿಗೆ ಒಂದೇ ಸಾಲು ಬರುವಾಗ ಆ ನಾಲ್ಕರಲ್ಲಿ ಯಾವುದನ್ನು ತೋರಿಸಬೇಕು? 5.5 ಕೇಳುತ್ತಿರಲಿಲ್ಲ, ಕೈಗೆ ಸಿಕ್ಕ ಒಂದನ್ನು ಹಾಕುತ್ತಿತ್ತು. ಅಂದರೆ 2011ರಿಂದ ನಿಮ್ಮ ಪಟ್ಟಿಯಲ್ಲಿ ಅಚ್ಚಾಗಿರುವ ದರಕ್ಕೆ ಅರ್ಥವೇ ಇಲ್ಲ.


ಗಂಜ್_ಗಣಕ, ಬುಧವಾರ ಮಧ್ಯಾಹ್ನ 2:30

ಹೊಟ್ಟೆಯಲ್ಲಿ ಕಲಸಿದಂತಾಯಿತು. ಮೊತ್ತ ಬೇರೆಯಾಗಿ ಕೂಡುವುದರಿಂದ ಹಣದಲ್ಲಿ ತಪ್ಪಾಗಿಲ್ಲ, ಹಳೆಯ ಪಟ್ಟಿ ತೆಗೆದು ಮೂರು ಖಾತೆ ನೋಡಿದೆ. ಆದರೆ ದರ, ಚೀಲ, ಮೊತ್ತ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಆಳಂದದ ಒಬ್ಬ ರೈತರು ಎಂದೋ ಜಗಳವಾಡಿದ್ದರು. ‘ಕಂಪ್ಯೂಟರ್ ತಪ್ಪು ಮಾಡುತ್ತದೆಯೇ’ ಎಂದು ನಾವೇ ಅವರ ಬಾಯಿ ಮುಚ್ಚಿಸಿದ್ದೆವು.

ದರದ ಜಾಗದಲ್ಲಿ ಒಟ್ಟು ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಿ ಸರಾಸರಿ ದರ ಎಂದು ಹಾಕುತ್ತೇನೆ. ಕಾಲಂ ತಲೆಬರಹವನ್ನೂ ಬದಲಿಸುತ್ತೇನೆ.


ಭೀಮಾತೀರ, ಬುಧವಾರ ಮಧ್ಯಾಹ್ನ 3:00

ನನ್ನ ಔಷಧ ವಾಪಸ್ ತೆಗೆದುಕೊಂಡೆ.


ಗಂಜ್_ಗಣಕ, ಗುರುವಾರ ಸಂಜೆ 5:40

ಐದೂ ಸ್ಕ್ರಿಪ್ಟ್ ಓಡುತ್ತಿವೆ. ಒಂದೂ ಎರರ್ ಇಲ್ಲ. ಆದರೂ ಇಂದು ನಿನ್ನೆಗಿಂತ ಹೆಚ್ಚು ಭಯವಾಗಿದೆ.

ಮೊದಲು ತಪ್ಪು ಹಿಡಿದವರು ನಮ್ಮ ಮುನೀಮರು. ಊರುವಾರು ಪಟ್ಟಿ ನೋಡಿದವರೇ ‘ಇದು ಯಾಕೆ ಚೆಲ್ಲಾಪಿಲ್ಲಿ?’ ಎಂದರು. ಮೊದಲು ಊರುಗಳು ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತಿದ್ದವು. ಈಗ ಸೇಡಂ ಆದ ಮೇಲೆ ಆಳಂದ, ಅದಾದ ಮೇಲೆ ಜೇವರ್ಗಿ. ಆಮೇಲೆ ಕೊನೆಯ ಮೊತ್ತ. ಕಳೆದ ಹಂಗಾಮಿಗೆ ಹಳೆಯ ಯಂತ್ರ 18,460 ಚೀಲ ಎನ್ನುತ್ತದೆ. ಹೊಸದು 18,214. ಅದೇ ಡಂಪ್, ಅದೇ ಹಂಗಾಮು, ಅದೇ ಸ್ಕ್ರಿಪ್ಟ್. 246 ಚೀಲ ಎಲ್ಲಿ ಹೋದವು?


ಹಳೇ_ಸರ್ವರ್, ಗುರುವಾರ ಸಂಜೆ 6:20

ಕ್ರಮದ ಮಾತು ಸಣ್ಣದು. 5.7ರವರೆಗೆ ಗ್ರೂಪ್ ಬೈ ತಾನೇ ವಿಂಗಡಿಸಿಯೂ ಕೊಡುತ್ತಿತ್ತು, 8.0ರಲ್ಲಿ ಆ ಉಪಕಾರ ನಿಂತಿದೆ. ಆರ್ಡರ್ ಬೈ ಬರೆಯಿರಿ.

ಚೀಲದ ಮಾತು ದೊಡ್ಡದು. ಜಾಯಿನ್ (ಎರಡು ಟೇಬಲ್‌ಗಳ ಜೋಡಣೆ) ಏನೂ ಇಲ್ಲದೆ ಖರೀದಿ ಟೇಬಲ್‌ನ ಚೀಲ ಮಾತ್ರ ಕೂಡಿಸಿದರೆ ಎಷ್ಟು?


ಶೋರಾಪುರ_ಸಂಜೆ (ಯಾದಗಿರಿ ಜಿಲ್ಲೆ), ಗುರುವಾರ ಸಂಜೆ 6:45

ಊರಿನ ಹೆಸರಿನ ಗೊಂದಲ ಇರಬಹುದೇ? ನಮ್ಮಲ್ಲಿ ಹಾಗಾಗಿತ್ತು. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು, 2014ರ ನವೆಂಬರ್ 1ರಿಂದ ಗುಲ್ಬರ್ಗ ಹೋಗಿ ಕಲಬುರಗಿ ಬಂತು. ಅರ್ಧ ದಾಖಲೆ ಹಳೆಯ ಹೆಸರಿನಲ್ಲಿ, ಅರ್ಧ ಹೊಸ ಹೆಸರಿನಲ್ಲಿ.


ಗಂಜ್_ಗಣಕ, ಗುರುವಾರ ರಾತ್ರಿ 8:10

ಗುಲ್ಬರ್ಗ ಎಂದು ಹುಡುಕಿದೆ, ಒಂದೂ ಸಾಲಿಲ್ಲ. ಹಿಂದೆಯೇ ಯಾರೋ ತಿದ್ದಿದ್ದಾರೆ. ಅಲ್ಲದೆ ಅದು ಕಾರಣವಾಗಿದ್ದರೆ ಹಳೆಯ ಯಂತ್ರವೂ ತಪ್ಪು ಹೇಳಬೇಕಿತ್ತಲ್ಲ?

ಸರ್, ಜಾಯಿನ್ ಇಲ್ಲದೆ ಕೂಡಿಸಿದರೆ ಹೊಸ ಯಂತ್ರದಲ್ಲೂ 18,460.


ಹಳೇ_ಸರ್ವರ್, ಗುರುವಾರ ರಾತ್ರಿ 8:30

ಹಾಗಾದರೆ ಕಳ್ಳ ಇರುವುದು ಜಾಯಿನ್‌ನಲ್ಲಿ. ಊರಿನ ಟೇಬಲ್‌ಗೆ ಯಾವುದರ ಮೇಲೆ ಕೂಡಿಸಿದ್ದಾರೆ, ಸಂಖ್ಯೆಯೋ ಹೆಸರೋ? ಜೋಡಿ ಸಿಗದ ಸಾಲನ್ನೂ ಉಳಿಸುವ ಲೆಫ್ಟ್ ಜಾಯಿನ್ ಮಾಡಿ, ಊರು ಸಿಗದ ಸಾಲುಗಳನ್ನು ಪಟ್ಟಿ ಮಾಡಿ.


ಗಂಜ್_ಗಣಕ, ಗುರುವಾರ ರಾತ್ರಿ 9:25

ಹೆಸರಿನ ಮೇಲೆ. ಊರು ಸಿಗದ ಚೀಲ 339. ಇದೇನು ವಿಚಿತ್ರ, ಕಡಿಮೆ ಬಿದ್ದದ್ದು 246 ತಾನೇ? ಅದಿರಲಿ. ಸಿಗದ ಸಾಲುಗಳಲ್ಲಿ ಊರು ‘ಸೇಡಂ’ ಎಂದೇ ಇದೆ. ಊರಿನ ಟೇಬಲ್‌ನಲ್ಲೂ ‘ಸೇಡಂ’. ಕನ್ನಡಕ ಒರೆಸಿಕೊಂಡು ನೋಡಿದೆ. ಒಂದೇ.


ಬಿದರಿ_ಕುಸುರಿ, ಗುರುವಾರ ರಾತ್ರಿ 9:40

ಕಣ್ಣನ್ನು ನಂಬಬೇಡಿ. ಲೆಂಗ್ತ್ ಕೇಳಿ. ಸೇಡಂ ಎಂದರೆ ಸ, ಏತ್ವ, ಡ, ಅನುಸ್ವಾರ. ನಾಲ್ಕು, ಒಂದೊಂದಕ್ಕೆ 3 ಬೈಟ್. 12 ಬರಬೇಕು.


ಗಂಜ್_ಗಣಕ, ಗುರುವಾರ ರಾತ್ರಿ 9:55

ಊರಿನ ಟೇಬಲ್‌ನಲ್ಲಿ 12. ಖರೀದಿಯಲ್ಲಿ 13!


ಬಿದರಿ_ಕುಸುರಿ, ಗುರುವಾರ ರಾತ್ರಿ 10:10

ಆ ಹದಿಮೂರನೆಯದು ಸ್ಪೇಸ್. ಹೆಸರಿನ ಕೊನೆಗೆ ಯಾರೋ ಸ್ಪೇಸ್ ಒತ್ತಿದ್ದಾರೆ.

ಈಗ ನಿಜ ಹೇಳಿ. ಟೇಬಲ್‌ಗಳನ್ನು ಯುಟಿಎಫ್8ಎಂಬಿ4ಕ್ಕೆ ಕನ್ವರ್ಟ್ ಮಾಡಿದಿರಾ?


ಗಂಜ್_ಗಣಕ, ಗುರುವಾರ ರಾತ್ರಿ 10:15

ಬುಧವಾರ ರಾತ್ರಿ ಮಾಡಿದೆ. ಐದು ನಿಮಿಷದ ಕೆಲಸ ಎಂದಿದ್ದರಲ್ಲ.


ಬಿದರಿ_ಕುಸುರಿ, ಗುರುವಾರ ರಾತ್ರಿ 10:40

ಕೊಲೇಶನ್ ಹೆಸರು ಕೊಡದೆ ಕನ್ವರ್ಟ್ ಮಾಡಿದರೆ 8.0 ತನ್ನ ಡಿಫಾಲ್ಟ್ ಹಾಕುತ್ತದೆ: ನನ್ನ ಪ್ರಯೋಗಾಲಯವನ್ನು ಕಾಡುವ ಅದೇ 0900_ಎಐ_ಸಿಐ. ಹಳೆಯ ಕೊಲೇಶನ್‌ಗಳು ಹೋಲಿಸುವಾಗ ಕೊನೆಯ ಸ್ಪೇಸ್ ಅನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 0900 ಕುಟುಂಬದವು ಹಿಡಿಯುತ್ತವೆ. ಇನ್ಫರ್ಮೇಶನ್ ಸ್ಕೀಮಾದ ಕೊಲೇಶನ್ಸ್ ಟೇಬಲ್‌ನಲ್ಲಿ ಪ್ಯಾಡ್_ಆಟ್ರಿಬ್ಯೂಟ್ ಎಂಬ ಕಾಲಂ ನೋಡಿ, ಹಳೆಯದಕ್ಕೆ ಪ್ಯಾಡ್ ಸ್ಪೇಸ್ ಎಂದಿರುತ್ತದೆ, ಹೊಸದಕ್ಕೆ ನೋ ಪ್ಯಾಡ್. 5.5ಕ್ಕೆ ಸ್ಪೇಸ್ ಇದ್ದ ಸೇಡಂ, ಇಲ್ಲದ ಸೇಡಂ ಎರಡೂ ಒಂದೇ ಊರು. 8.0ಕ್ಕೆ ಬೇರೆ ಬೇರೆ.


ಭೀಮಾತೀರ, ಗುರುವಾರ ರಾತ್ರಿ 11:00

ತಪ್ಪು ನನ್ನದು ಅಣ್ಣಾ. ಕೊಲೇಶನ್ ಬರೆಯಿರಿ ಎಂದು ಹೇಳಲೇ ಇಲ್ಲ. ನನಗೇ ಗೊತ್ತಿರಲಿಲ್ಲ. ಖರೀದಿ ಟೇಬಲ್‌ನ ಊರಿನ ಕಾಲಂಗೆ, ಅಂಚಿನ ಸ್ಪೇಸ್ ಕತ್ತರಿಸುವ ಟ್ರಿಮ್ ಹಾಕಿ ಅಪ್‌ಡೇಟ್ ಮಾಡಿ. ಬ್ಯಾಕಪ್ ಮಾಡಿಕೊಂಡ ಮೇಲೆ.


ಗಂಜ್_ಗಣಕ, ಶುಕ್ರವಾರ ಬೆಳಿಗ್ಗೆ 9:50

ಟ್ರಿಮ್ ಮಾಡಿದೆ. 339 ಚೀಲವೂ ತಮ್ಮ ತಮ್ಮ ಊರಿಗೆ ಸೇರಿದವು. ಈಗಿನ ಮೊತ್ತ 18,553.

ಹೌದು, ಸರಿಯಾಗಿ ಓದಿದಿರಿ. ಈಗ 93 ಚೀಲ ಹೆಚ್ಚು. ನಿನ್ನೆ ಕಳೆದುಕೊಂಡಿದ್ದೆ, ಇಂದು ಗಳಿಸಿದ್ದೇನೆ. ಸಾಹುಕಾರರಿಗೆ ಇನ್ನೂ ಹೇಳಿಲ್ಲ.


ಹಳೇ_ಸರ್ವರ್, ಶುಕ್ರವಾರ ಬೆಳಿಗ್ಗೆ 10:20

339ರಲ್ಲಿ 93 ಕಳೆಯಿರಿ. 246. ಮೊದಲ ದಿನವೇ ಎರಡು ತಪ್ಪು ಇದ್ದವು, ಒಂದು ಕಡಿಮೆ ಮಾಡುತ್ತಿತ್ತು, ಇನ್ನೊಂದು ಹೆಚ್ಚು ಮಾಡುತ್ತಿತ್ತು. ನಿನ್ನೆ ನಿಮಗೆ ವಿಚಿತ್ರ ಎನಿಸಿದ್ದು ಇದೇ. ನಾನೂ ಅದನ್ನು ಓದಿ ಹಾಗೇ ಮುಂದೆ ಹೋಗಿಬಿಟ್ಟೆ.

ಜಾಯಿನ್ ಆದ ಮೇಲೆ ಹೆಚ್ಚಾಗಬೇಕಾದರೆ ಒಂದು ಖರೀದಿಗೆ ಎರಡು ಊರು ಹೊಂದಿಕೊಂಡಿರಬೇಕು. ಯಾವ ಊರು ಎಂದು ಹುಡುಕಿ.


ಗಂಜ್_ಗಣಕ, ಶುಕ್ರವಾರ ಬೆಳಿಗ್ಗೆ 11:10

ಶಹಾಬಾದ್. ಊರಿನ ಟೇಬಲ್‌ನಲ್ಲಿ ಎರಡು ಸಲ ಇದೆ. ಲೆಂಗ್ತ್ ಒಂದಕ್ಕೆ 21, ಇನ್ನೊಂದಕ್ಕೆ 24. ಸ್ಪೇಸ್ ಆಗಿದ್ದರೆ 22 ಆಗಬೇಕಿತ್ತು. 3 ಬೈಟ್ ಎಂದರೆ ಒಂದು ಕನ್ನಡ ಅಕ್ಷರ. ಆದರೆ ಪರದೆಯ ಮೇಲೆ ಏನೂ ಇಲ್ಲ. ಹಳೆಯ ಯಂತ್ರದಲ್ಲೂ ಎರಡು ಸಲವೇ ಇದೆ, ಆದರೂ ಅಲ್ಲಿ ಲೆಕ್ಕ ಸರಿ ಬರುತ್ತದೆ!


ಶಹಾಬಾದ್_ಕಲ್ಲು (ಶಹಾಬಾದ್), ಶುಕ್ರವಾರ ಮಧ್ಯಾಹ್ನ 12:30

ನಾಲ್ಕು ದಿನದಿಂದ ಸುಮ್ಮನೆ ಓದುತ್ತಿದ್ದೆ, ನಮ್ಮ ಊರಿನ ಹೆಸರು ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಅಕ್ಷರ ಜೋಡಣೆ ಕೆಲಸ ಮಾಡುತ್ತೇನೆ. ಹೆಕ್ಸ್ ಹಾಕಿ ನೋಡಿ, ಕೊನೆಯಲ್ಲಿ ಇ2 80 8ಸಿ ಎಂದಿರುತ್ತದೆ. ಅದು ಜೀರೋ ವಿಡ್ತ್ ನಾನ್ ಜಾಯ್ನರ್, ಅಗಲವೇ ಇಲ್ಲದ ಅಕ್ಷರ.

‘ಶಹಾಬಾದ್‌ನ ತೊಗರಿ’ ಎಂದು ಬರೆಯುವಾಗ ದಕಾರದ ಅಡಿಗೆ ನಕಾರ ಒತ್ತಾಗಿ ಕೂರಬಾರದು ಎಂದು ನಡುವೆ ಅದನ್ನು ಹಾಕುತ್ತಾರೆ. ಯಾರೋ ಎಲ್ಲಿಂದಲೋ ‘ಶಹಾಬಾದ್‌ನ’ ಎಂದು ನಕಲು ಮಾಡಿ ತಂದು ಕೊನೆಯ ನಕಾರ ಮಾತ್ರ ಅಳಿಸಿದ್ದಾರೆ. ಕಾಣದ್ದು ಉಳಿದುಕೊಂಡಿದೆ. ಕಾದಂಬರಿಯ ಕರಡಿನಲ್ಲೂ ಹೀಗೇ ಆಗುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ.


ಬಿದರಿ_ಕುಸುರಿ, ಶುಕ್ರವಾರ ಮಧ್ಯಾಹ್ನ 1:00

ಈಗ ಪೂರ್ತಿ ಬಿಡಿಸಿತು! ಹಳೆಯ ಜನರಲ್_ಸಿಐ ಆ ಕಾಣದ ಅಕ್ಷರವನ್ನೂ ಒಂದು ಅಕ್ಷರವೆಂದೇ ಎಣಿಸುತ್ತಿತ್ತು. ಆದ್ದರಿಂದ ಎರಡು ಶಹಾಬಾದ್ ಬೇರೆ ಬೇರೆಯಾಗಿದ್ದು, ತಮ್ಮ ತಮ್ಮ ಖರೀದಿಯನ್ನು ಮಾತ್ರ ಹಿಡಿಯುತ್ತಿದ್ದವು. 0900 ಯುನಿಕೋಡ್‌ನ ವಿಂಗಡಣೆ ನಿಯಮ ಅನುಸರಿಸುತ್ತದೆ. ಆ ನಿಯಮದಲ್ಲಿ ಇಂಥ ಅಕ್ಷರಕ್ಕೆ ತೂಕವೇ ಇಲ್ಲ. ಎರಡು ಊರು ಒಂದಾದವು, ಪ್ರತಿ ಖರೀದಿಯೂ ಎರಡಕ್ಕೂ ಅಂಟಿಕೊಂಡು 93 ಚೀಲ ಇಮ್ಮಡಿಯಾದವು.

ಸ್ಪೇಸ್ ವಿಷಯದಲ್ಲಿ ಹೊಸದು ಕಟ್ಟುನಿಟ್ಟು, ಇದರಲ್ಲಿ ಹಳೆಯದು ಕಟ್ಟುನಿಟ್ಟು. ಮುಂದಿನ ಸೆಮಿಸ್ಟರ್‌ಗೆ ಒಂದು ಪೂರ್ತಿ ತರಗತಿ ಸಿಕ್ಕಿತು ನನಗೆ.


ಶೋರಾಪುರ_ಸಂಜೆ, ಶುಕ್ರವಾರ ಮಧ್ಯಾಹ್ನ 1:30

ನಡುವೆ ಬಾಯಿ ಹಾಕುತ್ತೇನೆ. ನಮ್ಮಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ತುಂಬಿದ ಹೆಸರುಗಳಿವೆ, ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಸದಂತೆ ಕಾಣುತ್ತವೆ. ಕೊಲೇಶನ್ ಬದಲಿಸಿದರೆ ಸರಿಹೋಗುತ್ತದೆಯೇ?


ಶಹಾಬಾದ್_ಕಲ್ಲು, ಶುಕ್ರವಾರ ಮಧ್ಯಾಹ್ನ 1:45

ಇಲ್ಲ. ಅಲ್ಲಿ ಇರುವುದು ಕನ್ನಡ ಅಕ್ಷರಗಳೇ ಅಲ್ಲ, ಲ್ಯಾಟಿನ್ ಅಕ್ಷರಗಳಿಗೆ ಕನ್ನಡದ ಮುಖವಾಡ ಹಾಕಿದ ಫಾಂಟ್. ಆಸ್ಕಿಯಿಂದ ಯುನಿಕೋಡ್‌ಗೆ ತರುವ ಪರಿವರ್ತಕದಲ್ಲಿ ಹಾಕಿ, ಬೇರೆ ಕಾಲಂಗೆ ತುಂಬಿ, ಹಳೆಯ ಕಾಲಂ ಹಾಗೇ ಇಡಿ. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಕಣ್ಣಿಂದ ನೋಡಲೇಬೇಕು. ಹೊಸ ಎಳೆ ಶುರುಮಾಡಿ, ಬರುತ್ತೇನೆ.


ಹಳೇ_ಸರ್ವರ್, ಶುಕ್ರವಾರ ಮಧ್ಯಾಹ್ನ 2:10

ಈಗ ನಿಮ್ಮ ಮುಂದೆ ಎರಡು ದಾರಿ. ಟೇಬಲ್‌ಗಳನ್ನು ಯುಟಿಎಫ್8ಎಂಬಿ4_ಜನರಲ್_ಸಿಐ ಎಂದು ಹೆಸರು ಹಿಡಿದು ಕನ್ವರ್ಟ್ ಮಾಡಿದರೆ 5.5 ಹೇಗೆ ಹೋಲಿಸುತ್ತಿತ್ತೋ ಹಾಗೇ ಹೋಲಿಸುತ್ತದೆ, ಮೊತ್ತ ಇಂದೇ 18,460 ಆಗುತ್ತದೆ. ಇಲ್ಲವೇ 0900 ಇಟ್ಟುಕೊಂಡು ದತ್ತಾಂಶ ತೊಳೆಯಬೇಕು. ನಾನಾಗಿದ್ದರೆ ಈ ಹಂಗಾಮಿಗೆ ಮೊದಲನೆಯದು, ಬೇಸಿಗೆಯಲ್ಲಿ ಬಿಡುವಾಗಿ ಎರಡನೆಯದು. ಜಾಯಿನ್ ಅನ್ನು ಹೆಸರಿನಿಂದ ಸಂಖ್ಯೆಗೆ ತರುವ ಕೆಲಸವೂ ಬೇಸಿಗೆಗೇ ಇರಲಿ.


ಭೀಮಾತೀರ, ಶುಕ್ರವಾರ ಮಧ್ಯಾಹ್ನ 2:30

ಅಣ್ಣಾ, ಆ ಬೇಸಿಗೆಯ ಕೆಲಸಕ್ಕೆ ಯಾದಗಿರಿಯಿಂದ ರೈಲು ಹತ್ತಿ ಬರುತ್ತೇನೆ. ನನ್ನ ಐದು ನಿಮಿಷದ ಸಾಲ ತೀರಬೇಕಲ್ಲ.


ಗಂಜ್_ಗಣಕ, ಶನಿವಾರ ಸಂಜೆ 4:30

18,460. ಊರುವಾರು, ರೈತವಾರು, ದರ್ಜೆವಾರು, ಮೂರೂ ಕಡೆ. ಹಿಂದಿನ ನಾಲ್ಕು ಹಂಗಾಮುಗಳನ್ನೂ ಎರಡು ಯಂತ್ರಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ, ಕೂಡಿಬಂತು. ಎರಡು ಶಹಾಬಾದ್‌ಗಳನ್ನು ಒಂದು ಮಾಡಿದೆ, ನಮೂದಿಸುವ ಪರದೆಯಲ್ಲೇ ಟ್ರಿಮ್ ಹಾಕಿಸಿದೆ.

ಸ್ಪೇಸ್ ಒತ್ತುತ್ತಿದ್ದವರು ಮುನೀಮರೇ. ಕೊನೆಯ ಅಕ್ಷರ ಸರಿಯಾಗಿ ಕೂರಬೇಕಾದರೆ ಸ್ಪೇಸ್ ಒತ್ತಬೇಕು ಎಂದು ತಂತ್ರಾಂಶ ಬರೆದವರೇ ಹೇಳಿಕೊಟ್ಟಿದ್ದರಂತೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ನಾನು ಏನೂ ಅನ್ನಲಿಲ್ಲ. ಆಳಂದದ ಆ ರೈತರ ಸರಾಸರಿ ದರದ ಹೊಸ ಪಟ್ಟಿಯನ್ನು ಮಾತ್ರ ಅಚ್ಚು ಹಾಕಿಸಿ ಕಳುಹಿಸಿದ್ದೇನೆ.

ಹಳೆಯ ಯಂತ್ರವನ್ನು ಯುಗಾದಿವರೆಗೆ ಪಕ್ಕದಲ್ಲೇ ಇಡಲು ಸಾಹುಕಾರರು ಒಪ್ಪಿದ್ದಾರೆ. ಅದರ ತಲೆಯ ಮೇಲೆ ಮುನೀಮರು ಆಗಲೇ ಪಟ್ಟಿ ಪುಸ್ತಕಗಳನ್ನು ಪೇರಿಸಿದ್ದಾರೆ.